ಕಾರಿನ ಎಡಗಡೆ ಸೀಟಿಗಾಗಿ ನಾನು ಬರೆದ ಎಂಬಿಎ ವಿಮರ್ಶೆ

ಸಂಜೆಯ ಎಂಬಿಎ ಕ್ಲಾಸು ಅಂದರೆ ತಣ್ಣಗಾದ ಗೋಳಿಬಜೆ ಅಂತ ನಾನು ಬರೆದದ್ದು ಸುಳ್ಳು.

ಗೊತ್ತಿದ್ದೇ ಬರೆದ ಸುಳ್ಳು. ಕಣ್ಣಾರೆ ನೋಡಿ ಬಂದ ಮೇಲೆ, ಕೈಕಾಲು ತೊಳೆದು, ಚಹಾ ಕುಡಿದು, ಸಮಾಧಾನದಲ್ಲಿ ಕೂತು ಬರೆದದ್ದು. ಆ ಪೋಸ್ಟನ್ನು ನಿಮ್ಮಲ್ಲಿ ಎಷ್ಟೋ ಜನ ಹಂಚಿದಿರಿ, ಎಷ್ಟೋ ಜನ ನಗುವ ಮುಖ ಹಾಕಿದಿರಿ. ಕೆಲವರು ಅದನ್ನು ನಂಬಿ ಕಾಲೇಜು ಆರಿಸಿಕೊಂಡಿರಿ. ನಿಮಗೆಲ್ಲ ಒಂದು ಕ್ಷಮೆ ಬಾಕಿ ಉಂಟು. ಆದರೆ ಮೊದಲ ಕ್ಷಮೆ ಒಬ್ಬಳಿಗೆ — ನನ್ನ ವಾರಿಜಳಿಗೆ. ಅವಳು ಈ ಪೇಜು ಓದುತ್ತಾಳೆ. ಅದಕ್ಕೇ ಎದುರು ಕೂತು ಹೇಳಲು ಧೈರ್ಯವಿಲ್ಲದವಳು ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಮಣಿಪಾಲದ ಒಂದು ಟೈಲ್ಸ್ ಶೋರೂಮಿನಲ್ಲಿ ಬಿಲ್ಲಿಂಗ್ ಕೌಂಟರಿನವಳು. ಮನೆ ಉಚ್ಚಿಲ. ಬಿಡುವಿನಲ್ಲಿ ಈ ಪೇಜಿನಲ್ಲಿ ಎಲ್ಲವನ್ನೂ ಅಳೆಯುತ್ತೇನೆ — ಯಾವ ಹೋಟೆಲಿನ ಬನ್ಸ್ ಮೆತ್ತಗೆ, ಯಾವ ಮದುವೆ ಹಾಲಿನಲ್ಲಿ ಫ್ಯಾನ್ ತಿರುಗುವುದಿಲ್ಲ, ಎಲ್ಲಿಯ ಮೀನೂಟಕ್ಕೆ ಕಾಯಬಹುದು. ಹಾಗಾಗಿ "ಶೋಭಕ್ಕ ಹೇಳಿದರೆ ಸರಿ ಇರ್ತದೆ" ಅಂತ ಒಂದು ಹೆಸರು. ಆ ಹೆಸರನ್ನೇ ನಾನು ತಿಂದದ್ದು.

ವಾರಿಜ ಅದೇ ಶೋರೂಮಿನ ಅಕೌಂಟ್ಸಿನಲ್ಲಿದ್ದಾಳೆ. ಮನೆ ಕಾಪು. ಅವಳಿಗೊಂದು ಸಣ್ಣ ಕಾರುಂಟು, ಗಂಡ ದುಬೈಯಿಂದ ಬಂದಾಗ ತೆಗೆಸಿಕೊಟ್ಟದ್ದು. ದಿನಾ ಸಂಜೆ ಆ ಕಾರಿನ ಎಡಗಡೆ ಸೀಟಿನಲ್ಲಿ ನಾನು. ಸೀಟು ಹಿಂದಕ್ಕೆ ಸರಿಸಿ, ಬೆನ್ನಿಗೆ ನನ್ನದೇ ಒಂದು ದಿಂಬು ಇಟ್ಟುಕೊಂಡು — ಹೌದು, ಪರರ ಕಾರಿನಲ್ಲಿ ನನ್ನ ದಿಂಬು ಕಾಯಂ ಆಗಿತ್ತು. ಕಾಪುವಿನಲ್ಲಿ ಅವಳ ಮನೆಗೆ ತಿರುಗುವ ದಾರಿ ಬರುತ್ತದೆ. ಅವಳು ತಿರುಗುವುದಿಲ್ಲ. ನೇರ ಉಚ್ಚಿಲಕ್ಕೆ ಬಂದು, ನನ್ನನ್ನು ಗೇಟಿನ ಎದುರು ಇಳಿಸಿ, ಮತ್ತೆ ಹಿಂದೆ ಹೋಗುತ್ತಾಳೆ. ಮೊದಮೊದಲು ನಾನು "ಛೆ, ಬೇಡ ಮಾರಾಯ್ತಿ, ಕಾಪುವಿನಲ್ಲೇ ಇಳೀತೇನೆ" ಅನ್ನುತ್ತಿದ್ದೆ. ಆಮೇಲೆ ಅನ್ನುವುದನ್ನು ಬಿಟ್ಟೆ.

ಕೆಲವು ವರ್ಷದ ಹಿಂದೆ ನಮ್ಮ ಧಣಿಗಳು ಕಾರ್ಕಳದಲ್ಲಿ ಇನ್ನೊಂದು ಶೋರೂಮು ತೆರೆಯುವುದು ಅಂತ ನಿಶ್ಚಯ ಮಾಡಿದರು. ಮ್ಯಾನೇಜರ್ ನಮ್ಮವರಲ್ಲೇ ಒಬ್ಬರು ಆಗಬಹುದು, ಆದರೆ ಎಂಬಿಎ ಬೇಕು. "ಓದ್ಲಿಕ್ಕೆ ಶುರು ಮಾಡಿದ್ರೂ ಸಾಕು, ಕಟ್ಟಡ ಏಳುವಾಗ ನಿಮ್ಮದೂ ಮುಗೀತದೆ" ಅಂದರು. ಎಲ್ಲರೂ ತಲೆ ಬಗ್ಗಿಸಿದೆವು. ವಾರಿಜ ಮಾತ್ರ ಬಗ್ಗಿಸಲಿಲ್ಲ.

ಆ ಸಂಜೆ ಕಾರಿನಲ್ಲಿ ಅವಳು ಹೇಳಿದ ಮಾತು ನನಗೆ ಈಗಲೂ...

"ಶೋಭಾ, ಪಿಯುಸಿ ಆದ ಮೇಲೆ ನಾನು ಬೆಂಚಿನಲ್ಲಿ ಕೂತದ್ದೇ ಇಲ್ಲ. ಡಿಗ್ರಿ ಕೂಡ ಅಂಚೆಯಲ್ಲಿ ಪುಸ್ತಕ ತರಿಸಿ, ಮಗುವನ್ನು ತೊಟ್ಟಿಲಲ್ಲಿ ಹಾಕಿ ಓದಿದ್ದು. ನಂಗೆ ಒಂದು ಸಲ ಬೆಂಚಿನಲ್ಲಿ ಕೂತ್ಕೊಳ್ಬೇಕು. ಪಕ್ಕದಲ್ಲಿ ಯಾರಾದ್ರೂ ಇರ್ಬೇಕು. ಮೇಷ್ಟ್ರು ಬೈದ್ರೂ ಅಡ್ಡಿಲ್ಲ."

ಆಮೇಲೆ ಅಂದಳು: "ನೀನೇ ನೋಡಿ ಹೇಳು. ನೀನು ಹೇಳಿದಲ್ಲಿಗೆ ಸೇರ್ತೇನೆ."

ನಾನು ಬಹಳ ಗತ್ತಿನಿಂದ ಕೆಲಸ ಶುರುಮಾಡಿದೆ. ಅಂಚೆಯ ಕೋರ್ಸು ಮೊದಲೇ ಹೊರಗೆ — ಪಾರ್ಸೆಲ್ ಊಟ, ಮನೆಗೆ ಬರುತ್ತದೆ, ಬಡಿಸುವವರಿಲ್ಲ. ಕಾರ್ಕಳದ ಕಡೆ ಶನಿವಾರ-ಭಾನುವಾರದ ಕ್ಲಾಸೊಂದಿತ್ತು. ಪಾಠ ಒಳ್ಳೆಯದೇ ಅಂತ ಸುದ್ದಿ. ಆದರೆ ನಮ್ಮ ಊರಿನ ಭಾನುವಾರ ನಮ್ಮ ಕೈಯಲ್ಲಿ ಎಲ್ಲುಂಟು? ಮಳೆ ನಿಂತಲ್ಲಿಂದ ಮುಂದಿನ ಮಳೆಯವರೆಗೆ ಮದುವೆ, ಗೃಹಪ್ರವೇಶ, ಭೂತದ ನೇಮ, ಬೀಗರ ಊಟ. ಒಂದು ತಪ್ಪಿದರೆ ಅವರು ನಮ್ಮದಕ್ಕೆ ಬರುವುದಿಲ್ಲ. ಶುಭಕಾರ್ಯ ಇಲ್ಲದ ಆಟಿ ತಿಂಗಳಲ್ಲಿ ಮಾತ್ರ ಹಾಜರಿ ತುಂಬಿದರೆ ಯಾರು ಪಾಸು ಮಾಡುತ್ತಾರೆ! ಇಲ್ಲಿಯವರೆಗೆ ನಾನು ಬರೆದದ್ದು ಸತ್ಯ, ಇವತ್ತೂ ಅದನ್ನೇ ಹೇಳುತ್ತೇನೆ.

ಉಳಿದದ್ದು ಎರಡು. ಆನ್‌ಲೈನ್ ಒಂದು, ಉಡುಪಿ ಪೇಟೆಯ ಒಂದು ಕಾಲೇಜಿನ ಸಂಜೆಯ ಕ್ಲಾಸು ಇನ್ನೊಂದು.

ವಾರಿಜ ರಜೆಯಲ್ಲಿದ್ದ ಒಂದು ದಿನ ಕೆಲಸ ಮುಗಿಸಿ ಆ ಕಾಲೇಜಿಗೆ ಹೋದೆ. ಯಾರೂ ತಡೆಯಲಿಲ್ಲ, ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡಿದೆ. ಒಳಗೆ ಇದ್ದವರೆಲ್ಲ ನಮ್ಮಂಥವರೇ. ಬ್ಯಾಂಕಿನವನೊಬ್ಬ ಟೈ ಸಡಿಲಿಸಿ ಕೂತಿದ್ದ. ನರ್ಸೊಬ್ಬಳು ಯೂನಿಫಾರ್ಮಿನಲ್ಲೇ ಬಂದಿದ್ದಳು. ಇನ್ನೊಬ್ಬ ಮೀನಿನ ಐಸ್ ಪ್ಲಾಂಟಿನವ ಇರಬೇಕು, ಬೆಂಚಿನ ಅಡಿಯಲ್ಲಿ ಅವನ ರಬ್ಬರ್ ಬೂಟು. ಬಿಸ್ಕೆಟ್ ಪ್ಯಾಕೆಟೊಂದು ಒಬ್ಬರ ಕೈಯಿಂದ ಒಬ್ಬರಿಗೆ ಕಳ್ಳತನದಲ್ಲಿ ಹೋಗುತ್ತಿತ್ತು. ಮೇಷ್ಟ್ರು ಕೇಳಿದರು, "ಡೀಸೆಲ್ ರೇಟು ಏರಿದ ದಿನ ಬೋಟು ಕಡಲಿಗೆ ಇಳಿಸ್ಬೇಕಾ, ಬೇಡ್ವಾ?" ಕ್ಲಾಸು ಎರಡು ಭಾಗವಾಯಿತು. ಬೂಟಿನವ ಎದ್ದು ನಿಂತು, "ಸಾರ್, ನೀವು ಲೆಕ್ಕ ಹಾಕಿ ಮುಗಿಸುವಾಗ ಬಂಗುಡೆ ಕೇರಳಕ್ಕೆ ಮುಟ್ತದೆ" ಅಂದ. ಮೇಷ್ಟ್ರೇ ಮೇಜು ಹಿಡಿದು ನಕ್ಕರು. ಕಿಟಕಿಯ ಹೊರಗೆ ನಾನೂ ನಕ್ಕೆ.

ಮೂರನೆಯ ಬೆಂಚಿನಲ್ಲಿ ಕಿಟಕಿಯ ಹತ್ತಿರ ಒಂದು ಜಾಗ ಖಾಲಿ ಇತ್ತು. ನರ್ಸಿನ ಪಕ್ಕ. ವಾರಿಜ ಕೇಳಿದ್ದು ಇದನ್ನೇ — ಪಕ್ಕದಲ್ಲಿ ಯಾರಾದರೂ ಇರಬೇಕು ಅಂತ. ಇದು ಅವಳದೇ ಜಾಗ ಅಂತ ನನಗೆ ಅನ್ನಿಸಿತು. ಖಂಡಿತ ಅನ್ನಿಸಿತು. ಅದನ್ನು ಮರೆಮಾಚುವುದಿಲ್ಲ.

ಆಮೇಲೆ ಮನೆಗೆ ಹೋಗಬೇಕಿತ್ತು. ಕಾರಿಲ್ಲ. ಉಡುಪಿ ಸ್ಟ್ಯಾಂಡಿನ ಜನಜಾತ್ರೆಯಲ್ಲಿ ನುಗ್ಗಿ ಬಸ್ಸು ಹತ್ತಿದೆ. ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಅಂತ ಮುಂದೆ ತಳ್ಳುತ್ತಾನೆ, ಮುಂದೆ ಇದ್ದವರು ಹಿಂದೆ ತಳ್ಳುತ್ತಾರೆ. ನನ್ನ ಕಾಲಿನ ಮೇಲೆ ಯಾರದ್ದೋ ಹಲಸಿನ ಹಣ್ಣು. ಒಂದು ಕೈ ಕಂಬಿಯಲ್ಲಿ, ಒಂದು ಕೈ ಪರ್ಸಿನಲ್ಲಿ. ಬೆವರಿನಲ್ಲಿ ನಿಂತು ಯೋಚಿಸಿದೆ — ವಾರಿಜ ಸಂಜೆ ಕ್ಲಾಸಿಗೆ ಸೇರಿದರೆ ನನಗೆ ಇದೇ ಗತಿ. ಅವಳು ಪಾಸಾಗಿ ಕಾರ್ಕಳಕ್ಕೆ ಹೋದರೆ ಶಾಶ್ವತವಾಗಿ ಇದೇ ಗತಿ. ಆನ್‌ಲೈನ್ ಆದರೆ ಓದುವಷ್ಟು ಕಾಲವಾದರೂ ಆ ಸೀಟು ನನ್ನದೇ.

ಕಟಪಾಡಿ ಬರುವಷ್ಟರಲ್ಲಿ ನನ್ನ ವಿಮರ್ಶೆ ಸಿದ್ಧವಾಗಿತ್ತು.

"ಸಂಜೆ ಕ್ಲಾಸು ಅಂದರೆ ತಣ್ಣಗಾದ ಗೋಳಿಬಜೆ. ಮೇಷ್ಟ್ರಿಗೂ ಸುಸ್ತು, ಮಕ್ಕಳಿಗೂ ಸುಸ್ತು. ಹಾಜರಿ ಹಾಕಿ ಚುರುಮುರಿ ತಿನ್ನಲು ಹೋಗುವವರೇ ಹೆಚ್ಚು. ಕೆಲಸ ಮಾಡುವ ಹೆಂಗಸರಿಗೆ ಆನ್‌ಲೈನೇ ಉತ್ತಮ — ಮನೆಯಲ್ಲೇ ಕೂತು ಆರಾಮದಲ್ಲಿ ಓದಬಹುದು."

ಆರಾಮ! ಆ ಶಬ್ದ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ವಾರಿಜ ಕಾರು ಹೊರಡಿಸುವ ಮೊದಲು ಅದನ್ನು ಓದಿದಳು. "ಬೆಂಚು ಇರುದಿಲ್ಲ ಅಲ್ವಾ ಅದ್ರಲ್ಲಿ?" ಅಂದಳು.

"ಬೆಂಚಿನಲ್ಲಿ ಎಂತ ಉಂಟು? ಸೊಂಟ ನೋವು ಉಂಟು," ಅಂದೆ, ದಿಂಬಿಗೆ ಒರಗಿಕೊಂಡು.

ಅವಳು ಆನ್‌ಲೈನಿಗೇ ಸೇರಿದಳು. ಆನ್‌ಲೈನ್ ಕೆಟ್ಟದ್ದಲ್ಲ, ಅದನ್ನೂ ಹೇಳಬೇಕು. ನಮ್ಮ ಗೋಡೌನಿನ ಹುಡುಗಿಯೊಬ್ಬಳು ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದು ಅದನ್ನೇ ಓದಿ ಚೆನ್ನಾಗಿ ಮುಗಿಸಿದಳು. ಆದರೆ ವಾರಿಜಳ ಮನೆಯಲ್ಲಿ ಇದ್ದದ್ದು ಅವಳ ಅತ್ತೆ. ಅತ್ತೆಗೆ ಸೊಸೆ ಓದಬಾರದು ಅಂತ ಏನೂ ಇರಲಿಲ್ಲ, ಪಾಪ. ಓದು ಅಂದರೆ ಕೂತಿರುವುದು, ಕೂತವರ ಕೈ ಖಾಲಿ ಇರುತ್ತದೆ ಅಂತ ಅವರ ತಿಳುವಳಿಕೆ. "ಹೇಗೂ ಕೂತಿದ್ದಿ ಅಲ್ವಾ, ಈ ಬಂಗುಡೆ ಒಂದು ಕ್ಲೀನ್ ಮಾಡಿ ಕೊಡು."

ಒಮ್ಮೆ ಕ್ಲಾಸಿನ ಮಧ್ಯೆ ಮೇಷ್ಟ್ರು, "ವಾರಿಜಾ ಮೇಡಂ, ಖರ್ಚು ಕಡಿಮೆ ಮಾಡುವುದರ ಬಗ್ಗೆ ನಿಮ್ಮ ಅಭಿಪ್ರಾಯ?" ಅಂದರಂತೆ. ಇವಳು ಮೀನಿನ ಕೈಯಲ್ಲಿ ಮೈಕು ಒತ್ತಿದ್ದೇ ತಡ, ಹಿಂದಿನಿಂದ ಅತ್ತೆಯ ಸ್ವರ: "ತಲೆ ಬಿಸಾಡ್ಬೇಡ, ಸಾರಿಗೆ ಆಗ್ತದೆ!" ಎಲ್ಲೆಲ್ಲಿಯೋ ಕೂತಿದ್ದ ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು, "ಸರಿಯಾದ ಉತ್ತರ" ಅಂದರಂತೆ. ಇದನ್ನು ವಾರಿಜ ಕಾರಿನಲ್ಲಿ ಹೇಳಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ನಾನು ನಿಲ್ಲಿಸಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ನಗುವಿನ ನೀರೇ ಅಂತ ನಾನು — ಅಂದುಕೊಂಡೆ.

ಮನೆಯಲ್ಲಿ ಆಗುವುದಿಲ್ಲ ಅಂತ ಅವಳು ಪಾಠದ ರೆಕಾರ್ಡಿಂಗನ್ನು ಕಾರಿನಲ್ಲಿ ಹಾಕತೊಡಗಿದಳು. ನನಗೆ ದೇವರು ಕೊಟ್ಟ ಶಿಕ್ಷೆ ಶುರುವಾದದ್ದು ಆಗ. ಯಾವ ಹರಟೆಗಾಗಿ, ಯಾವ ತಂಪು ಗಾಳಿಗಾಗಿ ನಾನು ಸುಳ್ಳು ಬರೆದೆನೋ, ಅದೇ ಸೀಟಿನಲ್ಲಿ ದಿನಾ ಸಂಜೆ ವರ್ಕಿಂಗ್ ಕ್ಯಾಪಿಟಲ್. ಬಲಾಯಿಪಾದೆಯಲ್ಲಿ ಸವಕಳಿ, ಪಾಂಗಾಳದಲ್ಲಿ ಸಪ್ಲೈ ಚೈನ್. ಇವಳಿಗೆ ಲಾರಿ ತಪ್ಪಿಸುವ ಗಡಿಬಿಡಿಯಲ್ಲಿ ಅರ್ಧ ಕೇಳುತ್ತಿರಲಿಲ್ಲ. ನನಗೆ ಪೂರ್ತಿ ಕೇಳುತ್ತಿತ್ತು. ಒಂದು ದಿನ ಕೌಂಟರಿನಲ್ಲಿ ನಾನು ಬಾಯಿ ತಪ್ಪಿ "ಇನ್ವೆಂಟರಿ ಟರ್ನೋವರ್" ಅಂದಾಗ ಧಣಿಗಳು ಕನ್ನಡಕ ತೆಗೆದು ನೋಡಿದರು. ಅವಳ ಎಂಬಿಎಯನ್ನೂ ನಾನೇ ತಿಂದೆ ಅನ್ನಿ.

ಅವಳು ಎರಡು ಸೆಮಿಸ್ಟರ್ ಎಳೆದಳು. ಮೂರನೆಯದಕ್ಕೆ ಹೆಸರು ಕೊಡಲಿಲ್ಲ. ಕಾರ್ಕಳದ ಶೋರೂಮು ತೆರೆದಾಗ ಮ್ಯಾನೇಜರ್ ಆಗಿ ಹೊರಗಿನವನೊಬ್ಬ ಬಂದ. ಉದ್ಘಾಟನೆಯ ದಿನ ವಾರಿಜ ಬಂದವರಿಗೆ ಪಾನಕ ಹಂಚಿದಳು.

ಹಿಂದೆ ಬರುವಾಗ ಕಾರಿನಲ್ಲಿ ಪಾಠ ಇರಲಿಲ್ಲ, ಹಾಡೂ ಇರಲಿಲ್ಲ. "ನೀನು ಸರಿಯಾದದ್ದೇ ಹೇಳಿದ್ದಿ ಶೋಭಾ," ಅಂದಳು. "ನಂದೇ ತಲೆ ಓಡುದಿಲ್ಲ. ವಯಸ್ಸಾಯ್ತು ಅಲ್ವಾ?"

ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು — ಅಷ್ಟರಲ್ಲಿ ಕಾಪು ಬಂತು. ಅವಳ ಮನೆಯ ದಾರಿ ಬಂತು. ಅವಳು ಅಭ್ಯಾಸದಂತೆ ಅದನ್ನು ದಾಟಿ ನನ್ನನ್ನು ಬಿಡಲು ಮುಂದೆ ಹೋದಳು. ನಾನು ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡೆ. ಹೇಳಿದರೆ ಅಲ್ಲೇ ಇಳಿಸಿಯಾಳು ಅನ್ನುವ ಹೆದರಿಕೆಯೂ ಇತ್ತು. ಅದೂ ಸುಳ್ಳಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಧಣಿಗಳು ಆದಿ ಉಡುಪಿಯಲ್ಲಿ ಮತ್ತೊಂದು ಶೋರೂಮು ತೆರೆಯುತ್ತಾರೆ. ಮತ್ತೆ ಅದೇ ಮಾತು, ಎಂಬಿಎ ಬೇಕು. ಕಳೆದ ವಾರ ಕಾರು ಹೊರಡಿಸುವ ಮೊದಲು ವಾರಿಜ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತಳು.

"ಇನ್ನೊಮ್ಮೆ ನೋಡುವ ಅಂತ. ನಗಾಡ್ಬೇಡ. ನೀನೇ ಹೇಳು, ಯಾವುದಕ್ಕೆ ಸೇರ್ಲಿ?"

ಇಷ್ಟೆಲ್ಲ ಆದ ಮೇಲೂ ನನ್ನನ್ನೇ ಕೇಳಿದಳು.

"ಸಂಜೆ ಕ್ಲಾಸಿಗೆ," ಅಂದೆ.

ಅವಳು ತಿರುಗಿ ನೋಡಿದಳು. "ಅದು ತಣ್ಣಗಾದ ಗೋಳಿಬಜೆ ಅಲ್ವಾ?"

ಸತ್ಯ ಹೇಳಲು ಇದಕ್ಕಿಂತ ಸುಲಭದ ಬಾಗಿಲು ಯಾರಿಗೆ ಸಿಗುತ್ತದೆ? ನಾನು ಹೇಳಿದ್ದೇನು ಗೊತ್ತುಂಟಾ?

"ಈಗ ಬಿಸಿ ಮಾಡಿ ಕೊಡ್ತಾರಂತೆ."

ಹಳೆಯ ಸುಳ್ಳಿಗೆ ಹೊಸ ಸುಳ್ಳಿನ ತೇಪೆ. ಅವಳು ನಕ್ಕು ಗೇರ್ ಹಾಕಿದಳು. ನಾನು ಮನೆಗೆ ಬಂದು ಊಟ ಮಾಡಲಿಲ್ಲ.

ಹಾಗಾಗಿ ಇದು. ಹಳೆಯ ಪೋಸ್ಟನ್ನು ಅಳಿಸುವುದಿಲ್ಲ, ಅದರ ಕೆಳಗೇ ಇದನ್ನು ಅಂಟಿಸುತ್ತೇನೆ. ಕೋರ್ಸು ಆರಿಸುವವರು ನನ್ನನ್ನು ಕೇಳಬೇಡಿ. ಆ ಕ್ಲಾಸಿನ ಹೊತ್ತಿಗೆ ನಿಮ್ಮ ಮನೆಯಲ್ಲಿ ನಿಮ್ಮನ್ನು ಯಾರು ಕರೆಯುತ್ತಾರೆ ಅಂತ ನೋಡಿಕೊಳ್ಳಿ, ಒಂದು ದಿನ ಹೋಗಿ ಕಿಟಕಿಯಿಂದ ಇಣುಕಿ. ಸಲಹೆ ಕೊಡುವವರು ಸಂಜೆ ಯಾರ ಕಾರಿನಲ್ಲಿ ಮನೆಗೆ ಹೋಗುತ್ತಾರೆ ಅಂತಲೂ ವಿಚಾರಿಸಿ.

ವಾರಿಜಾ, ನಿನ್ನ ತಲೆಗೆ ಏನೂ ಆಗಿರಲಿಲ್ಲ. ಓಡುವ ತಲೆಯನ್ನು ನಾನು ಮೀನಿನ ಮುಂದೆ ಕೂರಿಸಿದೆ. ನೀನು ಬೈದರೆ ಕೇಳುತ್ತೇನೆ, ಮಾತು ಬಿಟ್ಟರೆ — ಅದನ್ನೂ ಕೇಳಬೇಕು.

ಸೋಮವಾರ ಹೊಸ ಕ್ಲಾಸು ಶುರು. ಶೋರೂಮಿನಿಂದ ನೇರ ಅಲ್ಲಿಗೆ ಹೋಗು, ನನಗೆ ಕಾಯಬೇಡ. ಮೂರನೆಯ ಬೆಂಚು, ಕಿಟಕಿಯ ಹತ್ತಿರ, ಸಿಕ್ಕಿದರೆ ಹಿಡಿ. ನಿನ್ನ ಕಾರಿನಲ್ಲಿ ನನ್ನ ದಿಂಬು ಉಂಟಲ್ಲ, ಅದನ್ನು ತೆಗೆದುಕೊಂಡು ಹೋಗು. ಬೆಂಚು ಗಟ್ಟಿ.

ಉಚ್ಚಿಲಕ್ಕೆ ಬಸ್ಸುಂಟು. ಆಗಲೂ ಇತ್ತು.