ತೀರ್ಥರಾಮನ ಎರಡನೇ ಡಿಸ್ಕು

ಕಲ್ಲುಗುಂಡಿಯಲ್ಲಿ ಪಂಪು ರಿಪೇರಿ ಮಾಡುವ ತೀರ್ಥರಾಮನಿಗೆ ಪುಕ್ಕಟೆ ಎಂದರೆ ಅನುಮಾನ. ಆದರೂ ಮನೆಯ ಹಳೆಯ ಲ್ಯಾಪ್‌ಟಾಪು ಏದುಸಿರು ಬಿಡತೊಡಗಿದಾಗ, ಎಸೆಯುವುದಕ್ಕಿಂತ ಮೇಲು ಎಂದು ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆಯ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿದ. ಲ್ಯಾಪ್‌ಟಾಪು ಎದ್ದು ಓಡಿತು. ಅಂದಿನಿಂದ ಕೆಟ್ಟ ಮೋಟಾರು ಹೊತ್ತುಕೊಂಡು ಬಂದವರೆಲ್ಲ ಲಿನಕ್ಸಿನ ಮಹಾತ್ಮೆ ಕೇಳಿಯೇ ಮನೆಗೆ ಹೋಗಬೇಕಾಯಿತು. ಮೋಟಾರು ಸರಿಯಾಗುವವರೆಗೆ ಅವರೂ ಎಲ್ಲಿ ಓಡುತ್ತಾರೆ?

ಆಮೇಲೆ ಬ್ಯಾಕಪ್ಪಿನ ಹುಚ್ಚು ಹತ್ತಿತು. ಒಂದು ದೊಡ್ಡ ಡಿಸ್ಕು ತಂದ. ಅದಕ್ಕೆ ಬೇರೆಯೇ ಅಡಾಪ್ಟರು, ಗೋಡೆಯ ಪ್ಲಗ್ಗಿನಿಂದ ಕರೆಂಟು. ದಿನಾ ಸಂಜೆ ನಾಲ್ಕಕ್ಕೆ ಲ್ಯಾಪ್‌ಟಾಪಿನ ಫೋಟೊ, ವಿಡಿಯೊಗಳೆಲ್ಲ ತಾವಾಗಿಯೇ ಆ ಡಿಸ್ಕಿಗೆ ನಕಲಾಗುವಂತೆ ಮಾಡಿದ. ಎದುರಿನ ಪೈಪಿನ ಅಂಗಡಿಯ ಸಿದ್ದೀಕ್‌ಗೂ ಉಪದೇಶ ತಪ್ಪಲಿಲ್ಲ.

"ಒಂದೇ ಕಡೆ ಇಟ್ಟದ್ದು ಇಲ್ಲದ ಹಾಗೆ ಲೆಕ್ಕ, ಸಿದ್ದೀಕ್. ಎರಡು ಕಡೆ ಉಂಟಾದರೆ ಮಾತ್ರ ಉಂಟು."

"ಹಾಗಾದ್ರೆ ನಿಮ್ಮ ಬುದ್ಧಿ ಎರಡನೇದು ಎಲ್ಲಿ ಇಟ್ಟಿದ್ದೀರಿ, ತೀರ್ಥಣ್ಣ? ಅಂಗಡಿಯಲ್ಲಿ ಇರುದು ನನಗೆ ಕಾಣುದಿಲ್ಲ."

ಈ ಸಂಪತ್ತಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಹಗ್ಗಜಗ್ಗಾಟದ ವಿಡಿಯೊ. ತೀರ್ಥರಾಮನ ಹೆಂಡತಿ ಸೇವಂತಿ ಒಂದು ಕಾಲದಲ್ಲಿ ಹೆಂಗಸರ ಹಗ್ಗಜಗ್ಗಾಟದ ತಂಡದ ನಾಯಕಿ. ಹಗ್ಗದ ಕೊನೆಯನ್ನು ಮೈಗೆ ಸುತ್ತಿಕೊಂಡು ಹಿಂದೆ ಕಲ್ಲುಕಂಬದಂತೆ ನಿಲ್ಲುತ್ತಿದ್ದವಳು ಅವಳ ಗೆಳತಿ ಹರಿಣಾಕ್ಷಿ. ಸುಳ್ಯದಲ್ಲಿ ಇವರು ಕಪ್ ಗೆದ್ದ ಆಟವನ್ನು ಚಿತ್ರೀಕರಿಸಿದವನು ತೀರ್ಥರಾಮನೊಬ್ಬನೇ.

ಕಾಣಿಯೂರಿಗೆ ಮದುವೆಯಾಗಿ ಹೋದ ಹರಿಣಾಕ್ಷಿ ಈಗ ಫೋನು ಮಾಡಿದಳು. "ಭಾವ, ಆ ವಿಡಿಯೊ ಉಂಟಲ್ಲ? ನನ್ನ ಮಗಳು ದೀಪ್ತಿ ನಂಬುದೇ ಇಲ್ಲ ಮಾರಾಯ್ರೆ. 'ಅಮ್ಮ, ನೀನು ಎಳೆದದ್ದು ಯಾವ ಹಗ್ಗ, ಬಾವಿದ್ದಾ?' ಅಂತ ಕೇಳ್ತಾಳೆ!"

"ಆದಿತ್ಯವಾರ ತಂಡದವರೆಲ್ಲ ಮಕ್ಕಳನ್ನು ಕರಕೊಂಡು ಬನ್ನಿ. ಗೋಡೆ ತುಂಬ ತೋರಿಸುವ" ಎಂದ ತೀರ್ಥರಾಮ. ಮಾತು ಕೊಡುವುದರಲ್ಲಿ ಅವನಿಗೆ ಎಂದೂ ಬರಗಾಲವಿಲ್ಲ.

ಶನಿವಾರ ಮಧ್ಯಾಹ್ನ ದೊಡ್ಡ ಡಿಸ್ಕು ತೆರೆದ. ವಿಡಿಯೊ ಇಲ್ಲ. ಲ್ಯಾಪ್‌ಟಾಪಿನಲ್ಲಿ ಹುಡುಕಿದ. ಅಲ್ಲಿಯೂ ಇಲ್ಲ. ಅಲ್ಲಿ ಇರುವುದಾದರೂ ಹೇಗೆ? ಹೋದ ತಿಂಗಳು, ಕೊನೆಯುಸಿರೆಳೆಯುತ್ತಿದ್ದ ಹಳೆಯ ಕ್ಯಾಮರಾದಿಂದ ಅದನ್ನು ಇಳಿಸಿಕೊಂಡ ಸಂಜೆಯೇ, ಜಾಗ ಸಾಲದಾದಾಗ, 'ನಕಲು ಮುಗಿಯಿತು' ಎಂಬ ಸಂದೇಶ ಓದಿ, ನೆಮ್ಮದಿಯಿಂದ ತಾನೇ ಅಳಿಸಿದ್ದ. ಅಳಿಸಿದರೂ ಜಾಗ ಹೆಚ್ಚಾಗಿರಲಿಲ್ಲ. ಯಾಕೆಂದು ಆಗ ಕೇಳಿಕೊಂಡಿರಲಿಲ್ಲ.

ಪ್ರೊಜೆಕ್ಟರು ತಂದ ಸಿದ್ದೀಕ್ ಅವನ ಮುಖ ನೋಡಿ ಹೊಸ್ತಿಲಲ್ಲೇ ನಿಂತ. "ಎಂತ ತೀರ್ಥಣ್ಣ, ಎರಡೂ ಕಡೆ ಇಲ್ವಾ?"

"ಮೆಲ್ಲ ಮಾತಾಡು ಮಾರಾಯ. ನಾನೇ ಅಳಿಸಿದ್ದು ಅಂತ ಒಳಗೆ ಸೇವಂತಿಗೆ ಕೇಳ್ತದೆ."

"ನಾಳೆ ಆರೇಳು ಜನ ಹಗ್ಗ ಎಳೆಯುವ ಹೆಂಗಸರು ಬರ್ತಾರೆ. ವಿಡಿಯೊ ಇಲ್ಲದಿದ್ರೆ ನಿಮ್ಮನ್ನೇ ಎಳಿತಾರೆ. ನಾನು ಪುತ್ತೂರಿಗೆ ಹೋಗಿಬಿಡ್ತೇನೆ, ನೋಡಲಿಕ್ಕಾಗುದಿಲ್ಲ ನನಗೆ."

ತೀರ್ಥರಾಮ ಡಿಸ್ಕಿನ ಮೂಲೆಮೂಲೆ ಕೆದಕುತ್ತಿದ್ದಂತೆ ಸಂಜೆಯಾಗಿ, ಗುಡ್ಡದಾಚೆ ಗುಡುಗು ಉರುಳಿತು. ಬೇಸಿಗೆಯ ಸಂಜೆ ಗುಡುಗಿದರೆ ಈ ಊರಿನ ಹೆಂಗಸರು ಒಲೆಯ ಮೇಲಿನ ಹಾಲನ್ನಾದರೂ ಬಿಟ್ಟಾರು, ಪ್ಲಗ್ಗು ಬಿಡುವುದಿಲ್ಲ. ಸೇವಂತಿ ಒಳಗಿನಿಂದ ಓಡಿ ಬಂದಳು. ಟಿವಿ ಹೋಯಿತು, ಫ್ರಿಜ್ಜು ಹೋಯಿತು, ಕೈ ಡಿಸ್ಕಿನ ಕಡೆ ಬಂತು.

"ಅದೊಂದು ಬಿಡು! ಹುಡುಕ್ತಾ ಇದ್ದೇನೆ!"

"ಹೋದ ವರ್ಷ ಟಿವಿ ಸುಟ್ಟಾಗಲೂ ನೀವು ಹೀಗೇ ಹೇಳಿದ್ದು" ಎಂದು ಸೇವಂತಿ ಎಳೆದೇ ಬಿಟ್ಟಳು. ಕಪ್ ಗೆದ್ದ ಕೈ, ಒಂದೇ ಎಳೆತ.

ಡಿಸ್ಕಿನ ದೀಪ ಆರಿತು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಉಳಿಯಿತು. ತೀರ್ಥರಾಮ ತಲೆಯ ಮೇಲೆ ಕೈಹೊತ್ತು, ಡಿಸ್ಕಿನಲ್ಲಿದ್ದದ್ದು ಕಾಣಿಸುತ್ತಿದ್ದ, ಡಿಸ್ಕಿನದೇ ಹೆಸರಿನ ಫೋಲ್ಡರನ್ನು ಸುಮ್ಮನೆ ಮತ್ತೆ ತೆರೆದ. ಖಾಲಿ ಇರಬೇಕಾಗಿತ್ತು. ತುಂಬಿ ತುಳುಕುತ್ತಿತ್ತು! ಸಾಲಿನ ನಡುವೆ ಹಗ್ಗಜಗ್ಗಾಟವೂ ಕೂತಿತ್ತು.

"ಡಿಸ್ಕಿಗೆ ಕರೆಂಟೇ ಇಲ್ಲ, ಒಳಗಿನದ್ದು ಹೇಗೆ ಕಾಣುದು?" ಸಿದ್ದೀಕ್ ಕೇಳಿದ.

ತೀರ್ಥರಾಮ ಫೈಲುಗಳು ಬಂದ ತಾರೀಕು ನೋಡಿದ, ಎಲ್ಲವೂ ಗುಡುಗಿದ ದಿನಗಳು. ಆಮೇಲೆ ನಗು ಹೊಟ್ಟೆಯಿಂದ ಎದ್ದು ಬಂತು. ಈ ಬೇಸಿಗೆಯಲ್ಲಿ ಎಷ್ಟೋ ದಿನ ನಾಲ್ಕು ಗಂಟೆಗೆ ಸರಿಯಾಗಿ ಗುಡುಗಿದೆ, ಸೇವಂತಿ ಪ್ಲಗ್ಗು ಕಿತ್ತಿದ್ದಾಳೆ, ಹಗ್ಗಜಗ್ಗಾಟದ ವಿಡಿಯೊ ಇಳಿಸಿಕೊಂಡ ದಿನವೂ. ಡಿಸ್ಕು ಇಲ್ಲವೆಂದು ಲಿನಕ್ಸ್ ಹೇಳಲಿಲ್ಲ. ಡಿಸ್ಕಿನ ಹೆಸರಿನ ಫೋಲ್ಡರು ಲ್ಯಾಪ್‌ಟಾಪಿನಲ್ಲೇ ಇತ್ತಲ್ಲ, ನಕಲನ್ನೆಲ್ಲ ಅದರಲ್ಲೇ ಸುರಿಯಿತು. ಪ್ಲಗ್ಗು ಮರಳಿ ಸೇರಿದ ಮೇಲೆ ನಿಜವಾದ ಡಿಸ್ಕು ಅದೇ ಹೆಸರಿನ ಮೇಲೆ ಮುಚ್ಚಳದ ಹಾಗೆ ಬಂದು ಕೂತು, ಅಡಿಯದ್ದನ್ನು ಮುಚ್ಚಿಬಿಟ್ಟಿತು. ಜಾಗ ತಿಂದದ್ದೂ ಇದೇ.

"ಬಚ್ಚಿಟ್ಟದ್ದೂ ನೀನೇ, ಹುಡುಕಿ ಕೊಟ್ಟದ್ದೂ ನೀನೇ" ಎಂದ ಹೆಂಡತಿಗೆ.

"ನಾನು ಪ್ಲಗ್ಗು ಕಿತ್ತದ್ದು ಮಾತ್ರ. ಅಳಿಸಿದ್ದು ಯಾರು ಅಂತ ಈಗ ಹೇಳಿ" ಎಂದಳು ಸೇವಂತಿ. ಎಲ್ಲ ಕೇಳಿಸಿಕೊಂಡೇ ಬಂದಿದ್ದಳು.

ತೀರ್ಥರಾಮ ಅವಸರದಿಂದ ಪೆನ್‌ಡ್ರೈವ್ ಹುಡುಕಿದ. ಮೊದಲು ವಿಡಿಯೊವನ್ನು ಅದಕ್ಕೆ ಹಾಕಿಕೊಂಡ. ಗುಡುಗು ಸರಿದ ಮೇಲೆ ಡಿಸ್ಕಿಗೂ ಹಾಕಿ, ತೆರೆದು ಕಣ್ಣಾರೆ ನೋಡಿದ. ಇನ್ನು ಮುಂದೆ ಡಿಸ್ಕು ನಿಜವಾಗಿ ಉಂಟೋ ಎಂದು ನೋಡಿಯೇ ನಕಲು ಶುರುವಾಗುವಂತೆ ಲಿನಕ್ಸಿಗೆ ಎರಡು ಸಾಲಿನ ಆಜ್ಞೆ ಬರೆದ.

ಆದಿತ್ಯವಾರ ಗೋಡೆಯ ತುಂಬ ಹಗ್ಗ ಬಿಗಿಯಿತು. ಸೀರೆ ಎತ್ತಿ ಕಟ್ಟಿದ ಹರಿಣಾಕ್ಷಿ ಹಿಮ್ಮಡಿ ಊರಿ ಹಿಂದಕ್ಕೆ ಒರಗಿದಳು. ಎದುರಿನ ಎಂಟು ಜನ ತೆವಳಿಕೊಂಡು ಗೆರೆ ದಾಟಿ ಬಂದರು. ಕುರ್ಚಿಯಲ್ಲಿದ್ದ ಹರಿಣಾಕ್ಷಿಯೂ ಒರಗಿದಳು, ಕುರ್ಚಿ ಕಿರ್ ಎಂದಿತು.

ದೀಪ್ತಿ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಅಮ್ಮನನ್ನು ನೋಡಿದಳು. "ಮಾವ, ಇನ್ನೊಮ್ಮೆ ಹಾಕಿ. ಮತ್ತೆ ನನಗೂ ಒಂದು ಕಾಪಿ ಬೇಕು."

ಇನ್ನೊಮ್ಮೆ ಮುಗಿಯುವಷ್ಟರಲ್ಲಿ ಮಕ್ಕಳು ಪಂಪು ಎತ್ತುವ ಹಗ್ಗವನ್ನು ಅಂಗಳಕ್ಕೆ ಎಳೆದಿದ್ದರು. ಒಂದು ತುದಿಯಲ್ಲಿ ಹರಿಣಾಕ್ಷಿ ಒಬ್ಬಳೇ, ಇನ್ನೊಂದರಲ್ಲಿ ದೀಪ್ತಿ ಮತ್ತು ಎಲ್ಲರ ಮಕ್ಕಳು. ಇದು ಅನ್ಯಾಯ, ಮಕ್ಕಳ ಕಡೆ ಒಬ್ಬ ಗಂಡಸು ಬೇಕು ಎಂದು ಸಿದ್ದೀಕ್ ಹೋಗಿ ಸೇರಿಕೊಂಡ. ಹರಿಣಾಕ್ಷಿ ಸೆರಗು ಸಿಕ್ಕಿಸಿ ಹಿಮ್ಮಡಿ ಊರಿದಳು. ಮಕ್ಕಳು ನಗುತ್ತ ಬಿದ್ದರು, ಅವರ ಮೇಲೆ ಸಿದ್ದೀಕ್ ಬಿದ್ದ. ತೀರ್ಥರಾಮ ಫೋನು ಹಿಡಿದು ನಿಂತಿದ್ದ. ಸಿದ್ದೀಕ್ ನೆಲದಿಂದಲೇ ಕೂಗಿದ, "ಇದನ್ನು ಮಾತ್ರ ಎಲ್ಲಿಯೂ ಇಡಬೇಡಿ ತೀರ್ಥಣ್ಣ!"