ನೇರವಾಗಿ ನಿಂತ ಮನೆಗಾಡಿ

ಕೊರೊನಾ ಕಾಲದ ನಿರ್ಬಂಧಗಳು ಸಡಿಲಗೊಂಡು, ಬೆಟ್ಟದ ರಸ್ತೆಗಳಲ್ಲಿ ಮತ್ತೆ ವಾಹನಗಳ ಸಾಲು ಕಾಣಿಸಿಕೊಂಡ 2022ರಲ್ಲಿ ನಾನು ತಮಿಳುನಾಡಿನ ತೇನಿಯಲ್ಲಿ ಮೋಟಾರು ವಾಹನ ಇನ್‌ಸ್ಪೆಕ್ಟರ್ ಆಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ವಾಹನ ರಸ್ತೆಯಲ್ಲಿ ಉಳಿಯಬೇಕಾದರೆ ಅದರ ನೋಂದಣಿಯನ್ನು ನವೀಕರಿಸಬೇಕು. ಅದಕ್ಕೆ ಮುನ್ನ ಒಬ್ಬ ಇನ್‌ಸ್ಪೆಕ್ಟರ್ ಅದನ್ನು ಓಡಿಸಿ, ಬಗ್ಗಿ, ಮುಟ್ಟಿ ನೋಡಬೇಕು. ನಾನು ಮಾಡುತ್ತಿದ್ದದ್ದು ಅದನ್ನೇ. ಸರಳವಾಗಿ ಹೇಳುವುದಾದರೆ, ಸಂಶಯಪಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ಬೇಸಾಯದ ಕುಟುಂಬಗಳಿವೆ. ನಾನು ಅಂಥ ಮನೆಯವಳು. ಅಚ್ಚಿನ ಕನ್ನಡ ಕಲಿತದ್ದು ಮದುವೆಯಾದ ಮೇಲೆ, ಮೈಸೂರಿನ ಗಂಡನಿಂದ. ನಮ್ಮವರ ಪಾಲಿಗೆ ನಾನು ಅಧಿಕಾರಿ ಅಲ್ಲವೇ ಅಲ್ಲ, ‘ನಮ್ಮ ಪೆಣ್ಣು’, ಅಂದರೆ ನಮ್ಮ ಮನೆಯ ಹುಡುಗಿ. ನಮ್ಮ ಪೆಣ್ಣು ಅಲ್ಲಿ ಕೂತಿರುವಾಗ ಗಾಡಿಗೆ ಹಾರ್ನ್ ಒಂದಿದ್ದರೆ ಸಾಕು ಎಂದುಕೊಂಡು ಬಂದವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರನ್ನು ಮರೆತಿದ್ದೇನೆ. ಚಿನ್ನಮನೂರಿನ ವೀರರಾಜುವನ್ನು ಮಾತ್ರ ಮರೆಯಲು ಆಗಿಲ್ಲ. ಈಗ ನೆನೆದರೂ ಬಾಯಿ ಕಹಿಯಾಗುತ್ತದೆ.

ವೀರರಾಜು ದ್ರಾಕ್ಷಿ, ಬಾಳೆಯ ವ್ಯಾಪಾರಿ. ಐವತ್ತು ದಾಟಿದ, ಓದಿದ ಮನುಷ್ಯ. ನಮ್ಮವರ ನಡುವೆ ಜಮೀನಿನ ತಂಟೆಯೋ ಗಂಡ ಹೆಂಡಿರ ಜಗಳವೋ ಎದ್ದರೆ ರಾಜಿ ಮಾಡಿಸಲು ಅವನನ್ನೇ ಕರೆಯುತ್ತಿದ್ದರು. ಕೊಡೈಕಾನಲ್ ಕಡೆಯ ಒಂದು ತೋಟದ ಷೆಡ್ಡಿನಲ್ಲಿ ಯಾರೋ ವಿದೇಶೀಯರು ಇಲ್ಲೇ ನೋಂದಾಯಿಸಿ ಬಿಟ್ಟುಹೋಗಿದ್ದ, ಎಪ್ಪತ್ತರ ದಶಕದ ಜರ್ಮನ್ ಮೋಟರ್‌ಹೋಮ್ ಅವನ ಕಣ್ಣಿಗೆ ಬಿತ್ತು. ಮೋಟರ್‌ಹೋಮ್ ಎಂದರೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಒಳಗೇ ಇರುವ ವ್ಯಾನು. ನಮ್ಮ ಕಡೆ ಅದನ್ನು ‘ಮನೆಗಾಡಿ’ ಎಂದು ಕರೆದರು. ಅವನು ಅದನ್ನು ಕೊಂಡು, ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ತಾನೇ ರಿಪೇರಿ ಮಾಡಿದ. ಮಾಡಿದ್ದನ್ನೆಲ್ಲ ತಾನೂ ವಿಡಿಯೋ ತೆಗೆದು ಊರಿಗೆಲ್ಲ ಕಳಿಸಿದ. ನನಗೂ ಕಳಿಸಿದ್ದ. ನಾನು ನೋಡಿರಲಿಲ್ಲ.

ಆ ಗಾಡಿ ಅವನಿಗೆ ಬೇಕಾಗಿದ್ದಕ್ಕೆ ನಿಜವಾದ ಕಾರಣವೂ ಇತ್ತು. ಅವನ ತಾಯಿ ಕೆಂಚಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಕಾರಿನಲ್ಲಿ ಕೂರಲು ಆಗುತ್ತಿರಲಿಲ್ಲ. ಅವರ ಮಗಳು ಇದ್ದದ್ದು ಕಂಬಂಮೆಟ್ಟಿನ ಘಾಟಿ ಹತ್ತಿ ಆಚೆಗೆ ಹೋದರೆ ಸಿಗುವ ಏಲಕ್ಕಿ ತೋಟದಲ್ಲಿ. ಅಲ್ಲಿ ಮರಿಮಗನಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ತನ್ನ ಮಡಿಲ ಪಕ್ಕದಲ್ಲಿರುವಾಗಲೇ ಕಿವಿ ಚುಚ್ಚಬೇಕು, ಅದೊಂದನ್ನು ನೋಡಿ ಕಣ್ಣು ಮುಚ್ಚಿದರೂ ಸೈ ಎಂದು ಮುದುಕಿ ಹಟ ಹಿಡಿದಿದ್ದರು. ಮಲಗಿಕೊಂಡೇ ಘಾಟಿ ಹತ್ತಲು ಮನೆಗಾಡಿ ತಕ್ಕುದಾಗಿತ್ತು. ಇಲ್ಲಿಯವರೆಗೆ ನನ್ನ ತಕರಾರೇನೂ ಇಲ್ಲ.

ತಪಾಸಣೆಯ ಬೆಳಿಗ್ಗೆ ಗಾಡಿ ಬಂದು ನಿಂತಾಗ ಸುತ್ತಲಿನ ಜನ ಎದ್ದು ನಿಂತರು. ಕೆನೆಬಣ್ಣ, ಕಿತ್ತಳೆ ಪಟ್ಟಿ, ಹೊಳೆಯುವ ಚಕ್ರಗಳು, ಮೂತಿಗೆ ನಿಲಕ್ಕೋಟ್ಟೈಯಿಂದ ತರಿಸಿದ ಮಲ್ಲಿಗೆಯ ಮಾರುದ್ದ ಹಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡದ್ದು ಅಂದೇ. ವೀರರಾಜು ಇಳಿದು ಬಂದು ಕೈಮುಗಿದ.

“ಅಕ್ಕಾ, ನಮ್ಮ ವಂಡಿ ತಾನೆ, ಒಂದು ಸುತ್ತು ನೋಡ್ಬುಟ್ಟು ಬುಡು. ಒಳಗೆ ಅಮ್ಮ ಮಲಗವ್ರೆ. ಇಂಗೇ ನೇರಾಗಿ ಮಲೆಗೆ ಓಗ್ಬೇಕು.”

ಚಿನ್ನಮನೂರಿನಿಂದ ಕಂಬಂಗೆ ಹೋಗಬೇಕಾದವರು ಎದುರು ದಿಕ್ಕಿನ ತೇನಿಗೆ ಮುದುಕಿಯನ್ನು ಯಾಕೆ ಕರೆತಂದರು ಎಂಬುದು ಅರ್ಥವಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಲಗಿದ ತಾಯಿಯನ್ನು ತೋರಿಸಿದರೆ ಇನ್‌ಸ್ಪೆಕ್ಟರಮ್ಮನ ಮನಸ್ಸು ಕರಗುತ್ತದೆ ಎಂಬ ಲೆಕ್ಕ. ನೋವಿರುವ ಹೆಂಗಸನ್ನು ಶಿಫಾರಸು ಚೀಟಿ ಮಾಡಿಕೊಂಡು ಬಂದಿದ್ದ. ನನಗೆ ಮೊದಲ ಹೇಸಿಗೆ ಹುಟ್ಟಿದ್ದು ಅಲ್ಲೇ.

ಒಳಗೆ ಜನರಿರುವಾಗ ನಾನು ಬ್ರೇಕ್ ಪರೀಕ್ಷೆ ಮಾಡುವುದಿಲ್ಲ ಎಂದೆ. ಗೊಣಗುತ್ತಲೇ ಅವನೂ ಜೊತೆಗೆ ಬಂದಿದ್ದ ನೆಂಟರೂ ಸೇರಿ, ಹಾಸಿಗೆಯ ಹಲಗೆ ಸಮೇತ ಕೆಂಚಮ್ಮನನ್ನು ಇಳಿಸಿ ಬೇವಿನ ನೆರಳಿನಲ್ಲಿ ಇಟ್ಟರು. ಮುದುಕಿಯ ಕಣ್ಣು ಚುರುಕಾಗಿತ್ತು. “ಯಾರ ಪೆಣ್ಣು ಕಣ್ಣು ನೀ?” ಎಂದು ಕೇಳಿದರು. ‘ಕಣ್ಣು’ ಅಂದರೆ ಕಂದ ಅಂದ ಹಾಗೆ. ಹೇಳಿದೆ. ನನ್ನ ಅಜ್ಜಿಯ ಹೆಸರು ಹಿಡಿದು ವಿಚಾರಿಸಿಕೊಂಡರು.

ಮೊದಲು ಚಕ್ರಗಳನ್ನು ನೋಡಿದೆ. ಚಕ್ರವನ್ನು ಬಿಗಿಯುವ ನಟ್‌ಗಳ ಬುಡ ಓರೆಯಾಗಿರುತ್ತದೆ. ಆ ಓರೆ ಚಕ್ರದ ತೂತಿನ ಓರೆಗೆ ಸರಿಯಾಗಿ ಕೂತರೆ ಮಾತ್ರ ಚಕ್ರ ಅಲುಗದೆ ನಿಲ್ಲುತ್ತದೆ. ಇಲ್ಲಿ ಹಿಂದಿನ ಒಂದು ಚಕ್ರಕ್ಕೆ ಯಾವುದೋ ಟ್ರ್ಯಾಕ್ಟರಿನ ಚಪ್ಪಟೆ ಬುಡದ ನಟ್ ಹಾಕಿ, ಸಂದಿಗೆ ವಾಷರ್ ತುರುಕಿ, ಮೇಲೆ ಬೆಳ್ಳಿಬಣ್ಣ ಬಳಿದಿದ್ದ. ನಟ್ ಕೂರುವ ಜಾಗಕ್ಕೂ ದಪ್ಪಗೆ ಬಣ್ಣ. ಓಡಿದಂತೆ ಆ ಬಣ್ಣ ಉದುರುತ್ತದೆ, ಬಿಗಿ ಸಡಿಲುತ್ತದೆ. ಕೇಳಿದ್ದಕ್ಕೆ, “ಪಾಕ್ಕ ಚೆಂದಾಗಿರ್ಬೇಕಲ್ಲಕ್ಕಾ” ಎಂದ. ನೋಡಲು ಚೆಂದ ಇರಬೇಕಂತೆ!

ಆಮೇಲೆ ನಾನೇ ಓಡಿಸಿದೆ. ಮೈದಾನದಲ್ಲಿ ಸ್ವಲ್ಪ ವೇಗ ಹಿಡಿದು ಸುಣ್ಣದ ಗೆರೆಯ ಬಳಿ ಪೆಡಲ್ ಒತ್ತಿದೆ. ಗಾಡಿ ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ನೂಲು ಹಿಡಿದಂತೆ ನೇರವಾಗಿ ನಿಂತಿತು. ಆದರೆ ನಿಲ್ಲಬೇಕಾದ ಜಾಗದಿಂದ ಬಹಳ ಮುಂದೆ ಹೋಗಿ ನಿಂತಿತು.

“ನೋಡ್ದೆಯಾ, ಎಷ್ಟು ನೇರಾಗಿ ನಿಂತ್ಕೊಂತು!” ಎಂದು ವೀರರಾಜು ಓಡಿ ಬಂದ. ನೆಂಟರು ಚಪ್ಪಾಳೆ ತಟ್ಟಿದರು.

ನಾನು ಮತ್ತೆ ಕೆಲವು ಸುತ್ತು ಹಾಕಿ, ಪದೇ ಪದೇ ಬ್ರೇಕ್ ಒತ್ತಿ, ಇಳಿದು ಚಕ್ರಗಳ ಹತ್ತಿರ ಕೈ ಹಿಡಿದೆ. ಈ ಹಳೆಯ ಗಾಡಿಯ ನಾಲ್ಕು ಚಕ್ರಗಳಲ್ಲೂ ಡ್ರಮ್ ಬ್ರೇಕ್ ಇತ್ತು. ಚಕ್ರದೊಂದಿಗೆ ತಿರುಗುವ ಕಬ್ಬಿಣದ ಬೋಗುಣಿಯೇ ಡ್ರಮ್. ಪೆಡಲ್ ಒತ್ತಿದಾಗ ಅದರೊಳಗಿನ ಎರಡು ಷೂಗಳು ಅಗಲವಾಗಿ ಡ್ರಮ್ಮಿಗೆ ಉಜ್ಜುತ್ತವೆ. ಷೂಗಳ ಮೈಗೆ ಅಂಟಿಸಿದ ಒರಟು ಪಟ್ಟಿಗೆ ಲೈನಿಂಗ್ ಎನ್ನುತ್ತಾರೆ. ಉಜ್ಜಿದರೆ ಡ್ರಮ್ ಬಿಸಿಯಾಗಲೇಬೇಕು. ಬ್ರೇಕಿನ ಹೆಚ್ಚಿನ ಭಾರ ಬೀಳುವುದು ಮುಂದಿನ ಚಕ್ರಗಳ ಮೇಲೆ, ಹಾಗಾಗಿ ಅವೇ ಹೆಚ್ಚು ಬಿಸಿಯಾಗಬೇಕು. ಇಲ್ಲಿ ಹಿಂದಿನ ಡ್ರಮ್‌ಗಳ ಬಳಿ ಕೈ ಇಡಲಾಗಲಿಲ್ಲ. ಮುಂದಿನವು ಎರಡೂ ಮಜ್ಜಿಗೆ ಗಡಿಗೆಯಂತೆ ತಣ್ಣಗಿದ್ದವು. ಜೊತೆಗೆ ಎಡಗಡೆಯಿಂದ ಒಂದು ವಾಸನೆ. ಹರಳೆಣ್ಣೆಯದು.

“ಬಿಚ್ಚು,” ಎಂದೆ.

ವೀರರಾಜುವಿನ ಮುಖ ಇಳಿಯಿತು. ಮುಹೂರ್ತ ಮೀರುತ್ತದೆ, ಅಮ್ಮನಿಗೆ ಬಿಸಿಲು ತಾಗುತ್ತದೆ, ಬಿಚ್ಚಿದರೆ ಮತ್ತೆ ಜೋಡಿಸುವುದು ಕಷ್ಟ ಎಂದೆಲ್ಲ ಹೇಳಿ ನೋಡಿದ. ಬಿಚ್ಚದಿದ್ದರೆ ಗಾಡಿ ಇಲ್ಲೇ ಇರುತ್ತದೆ ಎಂದೆ. ಕೊನೆಗೆ ಮುಂದಿನ ಎಡ ಡ್ರಮ್ ಹೊರಬಂತು. ಲೈನಿಂಗು ಒಗ್ಗರಣೆಗೆ ಬಿದ್ದ ಬದನೆಯಂತೆ ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು. ಉಗುರಿನಿಂದ ಗೀರಿದರೆ ಜಿಡ್ಡು ಬರುತ್ತಿತ್ತು. ಮೇಲಿನ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ ಮುಚ್ಚಿದ್ದ, ಅಷ್ಟೆ.  

ಅವನ ಬಾಯಿಂದ ಹೊರಬಿದ್ದ ಎಣ್ಣೆಯ ಕಥೆ ಹೀಗೆ. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮವರ ಮನೆಗಳಲ್ಲಿ ದೂರದ ಶುಭಕಾರ್ಯಕ್ಕೆ ಗಾಡಿ ಕಟ್ಟುವ ಮುನ್ನ, ಮನೆಯ ಹಿರಿಹೆಂಗಸು ತನ್ನ ಕೈಯಿಂದ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹೊಯ್ಯಬೇಕಿತ್ತು. ಅದಿಲ್ಲದೆ ಗಾಡಿ ಹೊರಡುತ್ತಿರಲಿಲ್ಲ. ಕಬ್ಬಿಣದ ಅಚ್ಚಿನ ಮೇಲೆ ಚಕ್ರದ ನಡುವಿನ ಮರದ ಗುಂಬ ತಿರುಗುವಾಗ ಆ ಎಣ್ಣೆಗೆ ಅರ್ಥವಿತ್ತು. ತಾಯಿ ಕೇಳಿದರೆಂದು ವೀರರಾಜು ಅದನ್ನು ಮನೆಗಾಡಿಗೂ ಮಾಡಿಸಿದ. ಮುಂದಿನ ಎಡ ಡ್ರಮ್ ಬಿಚ್ಚಿಟ್ಟ ದಿನ ತಾಯಿಯನ್ನು ಮಂಚ ಸಮೇತ ಷೆಡ್ಡಿಗೆ ಹೊರಿಸಿ, ಗಿಂಡಿ ಕೊಟ್ಟು, ಎದುರಿಗೆ ಮೊಬೈಲ್ ನಿಲ್ಲಿಸಿದ. ಮುದುಕಿ ಭಕ್ತಿಯಿಂದ ಹೊಯ್ದರು. ಅಚ್ಚಿಗೆ ಹೊಯ್ದದ್ದು ಇಳಿದು ಲೈನಿಂಗಿಗೆ ಹೋಯಿತು. ಬೇರಿಂಗಿಗೆ ಗ್ರೀಸ್ ಬೇಕು, ಲೈನಿಂಗಿಗೆ ಹನಿ ಎಣ್ಣೆಯೂ ಆಗದು. ಎರಡೂ ಇರುವುದು ಒಂದು ಗೇಣಿನೊಳಗೆ.

ಇದು ತಿಳಿಯದೆ ಆದ ತಪ್ಪಾಗಿದ್ದರೆ ನಾನು ಮನ್ನಿಸುತ್ತಿದ್ದೆ. ಬಲಗಡೆಯ ಡ್ರಮ್ಮನ್ನೂ ಬಿಚ್ಚಿಸಿದೆ. ಅಲ್ಲಿನ ಲೈನಿಂಗ್ ಒಣಗಿ, ಗಟ್ಟಿಯಾಗಿ, ಒಳ್ಳೆಯದಾಗಿಯೇ ಇತ್ತು. ಆದರೆ ಅಡ್ಜಸ್ಟರ್, ಅಂದರೆ ಷೂಗಳನ್ನು ಡ್ರಮ್ಮಿಗೆ ಹತ್ತಿರ ತರುವ ಹಲ್ಲಿನ ಗಾಲಿ, ಪೂರ್ತಿ ಹಿಂದಕ್ಕೆ ತಿರುಗಿತ್ತು. ಷೂ ಡ್ರಮ್ಮನ್ನು ಮುಟ್ಟುತ್ತಲೇ ಇರಲಿಲ್ಲ.

“ಇದನ್ನ ಯಾರು ತಿರುಗಿಸಿದ್ದು?”

“ನಾನ್ ತಾನ್,” ಎಂದ ವೀರರಾಜು. “ಎಣ್ಣೆ ಬಿದ್ಮೇಲೆ ಎಡಪಕ್ಕ ಹಿಡೀಲಿಲ್ಲೆ. ಬ್ರೇಕ್ ಮಿದಿಚ್ರೆ ವಂಡಿ ಬಲಕ್ಕೆ ಎಳೀತು. ಅದಕೆ ಬಲಗಡೆದೂ ಲೂಸ್ ಮಾಡ್ದೆ. ಎರಡೂ ಸಮ ಆಯ್ತು.”

ಸಮ ಆಯ್ತು! ಊರ ಪಂಚಾಯಿತಿಯಲ್ಲಿ ನೀನೂ ಸ್ವಲ್ಪ ಬಿಡು, ನೀನೂ ಸ್ವಲ್ಪ ಬಿಡು ಎಂದು ರಾಜಿ ಮಾಡಿಸಿದಂತೆ ಬ್ರೇಕಿಗೂ ಮಾಡಿದ್ದ. ತಾನು ಕೆಟ್ಟದ್ದಲ್ಲದೆ ವನವನ್ನೂ ಕೆಡಿಸಿತಂತೆ ಕೋತಿ. ಕೆಟ್ಟ ಬ್ರೇಕನ್ನು ಸರಿಮಾಡಲು ಷೂಗಳನ್ನು ದಿಂಡಿಗಲ್ಲಿಗೆ ಕಳಿಸಿ ಹೊಸ ಲೈನಿಂಗ್ ಹಾಕಿಸಿದ್ದರೆ ಸಾಕಿತ್ತು. ಅದರ ಬದಲು ಒಳ್ಳೆಯದನ್ನೇ ಕೊಂದು, ಎರಡು ಹೆಣಗಳನ್ನು ಅಕ್ಕಪಕ್ಕ ಮಲಗಿಸಿ ಸಮ ಎಂದ. ಹೀಗಿರುವ ಗಾಡಿ ಘಾಟಿಯನ್ನು ಎಂಜಿನ್ ಬಲದಿಂದ ಹತ್ತಿಬಿಡುತ್ತದೆ. ಇಳಿಯುವಾಗ ಭಾರವೆಲ್ಲ ಹಿಂದಿನ ಎರಡು ಬ್ರೇಕಿನ ಮೇಲೆ. ಕೆಲವೇ ತಿರುವುಗಳಲ್ಲಿ ಅವು ಕಾದು ಹಿಡಿತ ಬಿಡುತ್ತವೆ. ಆಮೇಲೆ ಪೆಡಲ್ ಎಷ್ಟು ತುಳಿದರೂ ಪ್ರಯೋಜನವಿಲ್ಲ.

“ದಿಂಡಿಗಲ್ಲಿಗೆ ಯಾಕೆ ಕಳಿಸಲಿಲ್ಲ?” ಎಂದು ಕೇಳಿದೆ.

ಅವನು ಬೇವಿನ ಮರದ ಕಡೆ ನೋಡಿ ದನಿ ತಗ್ಗಿಸಿದ. “ಕಳಿಸಿದ್ರೆ ಯಾಕಂತ ಅಮ್ಮ ಕೇಳ್ತಾರಲ್ಲಕ್ಕಾ. ಅವ್ರ ಕೈಯಾರೆ ಉಯ್ದ ಎಣ್ಣೆ. ಅದರಿಂದ ಕೆಟ್ಟೋಯ್ತು ಅಂತ ಎಂಗ್ ಹೇಳೋದು? ವಯಸ್ಸಾದ ಸೀವ, ನೊಂದ್ಕತ್ತದೆ. ಅಪಶಕುನ ಬೇರೆ. ನೀನೂ ಹೇಳ್ಬೇಡ. ವಂಡಿ ಇಂಜಿನ್ ಕೆಟ್ಟೋಗದೆ ಅಂತ ಹೇಳ್ಬುಡು, ಸಾಕು.”

ನೆಂಟರು ತಲೆಯಾಡಿಸಿದರು. ಎಲ್ಲರಿಗೂ ಗೊತ್ತಿತ್ತು! ತಾಯಿಯ ಮನಸ್ಸು ನೋಯದಿರಲಿ ಎಂದು ತಾಯಿಯನ್ನೇ ಕಣಿವೆಗೆ ಉರುಳಿಸಲು ಇವರೆಲ್ಲ ಸಿದ್ಧರಾಗಿ, ಹೂವಿನ ಹಾರ ಹಾಕಿಕೊಂಡು ಬಂದಿದ್ದರು. ಇದಕ್ಕೆ ಗೌರವ ಎಂದು ಹೆಸರಿಟ್ಟಿದ್ದರು. ಕುಡಿದು ಲಾರಿ ಓಡಿಸಿದವರನ್ನು ನೋಡಿದ್ದೇನೆ, ಬ್ರೇಕ್ ಇಲ್ಲದ ಬಸ್ಸಿನಲ್ಲಿ ಶಾಲೆಯ ಮಕ್ಕಳನ್ನು ತುಂಬಿದವರನ್ನು ನೋಡಿದ್ದೇನೆ. ಅವರ ಮೇಲೆ ಸಿಟ್ಟು ಬಂದಿತ್ತು. ಇವರನ್ನು ನೋಡಿ ಬಂದದ್ದು ಅಸಹ್ಯ.

ನಾನು ಎಣ್ಣೆ ಕುಡಿದ ಷೂವನ್ನು ಕೈಯಲ್ಲಿ ಹಿಡಿದು ಬೇವಿನ ನೆರಳಿಗೆ ಹೋದೆ. ಕೆಂಚಮ್ಮನ ಪಕ್ಕದಲ್ಲಿ ಕೂತು, ಎಲ್ಲವನ್ನೂ ನಮ್ಮ ಮನೆಮಾತಿನಲ್ಲೇ ಹೇಳಿದೆ. ಗಾಡಿ ನಿಲ್ಲುವುದು ಹೇಗೆ, ಎಣ್ಣೆ ಎಲ್ಲಿಗೆ ಹೋಯಿತು, ಮಗ ಆಮೇಲೆ ಏನು ಮಾಡಿದ, ಘಾಟಿ ಇಳಿಯುವಾಗ ಏನಾಗುತ್ತಿತ್ತು. ಅವರು ಷೂ ಮುಟ್ಟಿ, ಬೆರಳು ಮೂಸಿ ನೋಡಿಕೊಂಡರು.  ಆಮೇಲೆ ಮಗನನ್ನು ಕರೆದರು.

“ನಾ ಎಣ್ಣೆ ಉಯ್ವಾಗ ಇದು ಕೆಡ್ತದೆ ಅಂತ ನಿನ್ಗೆ ತೆರಿಞ್ಚಿತ್ತಾ?”

ಗೊತ್ತಿತ್ತೇ ಎಂಬ ಆ ಪ್ರಶ್ನೆಗೆ ಅವನು ನೆಲ ನೋಡಿದ. “ತೆರಿಞ್ಚಿತ್ತು ಅಮ್ಮಾ. ನಿಮ್ಮ ಮನಸು ನೋಯ್ಬಾರ್ದು ಅಂತ...”

“ಅಯ್ಯೋ ಪಾವಿ. ನಾ ಕೇಳಿದ್ದು ಸಾಂಗ್ಯ, ಬರೀ ಸಾಸ್ತ್ರ. ಬೇಡ ಅಂತ ಒಂದು ಮಾತು ಹೇಳಿದ್ರೆ ಚಕ್ರಕ್ಕೆ ಅರಿಸಿನ ಇಟ್ಟು ಸುಮ್ನಾಗ್ತಿದ್ದೆ.”

ವೀರರಾಜು ಅಷ್ಟಕ್ಕೂ ಸೋಲಲಿಲ್ಲ. ಬಿಚ್ಚಿದ್ದನ್ನು ಜೋಡಿಸಿಕೊಂಡು ತಾನು ಮೆಲ್ಲಗೆ, ಬಹಳ ಮೆಲ್ಲಗೆ ಓಡಿಸುವುದಾಗಿಯೂ ಹಿಂದಿನ ಬ್ರೇಕು ಚೆನ್ನಾಗಿರುವುದರಿಂದ ಏನೂ ಆಗದೆಂದೂ ಹೇಳಿದ. ತಪಾಸಣೆ ಬೇರೆ ದಿನ ಆಗಲಿ, ಅಮ್ಮ ಹೇಳಿದರೆ ಅಕ್ಕ ಇವತ್ತೊಂದು ದಿನಕ್ಕೆ ಬಿಡುತ್ತಾಳೆ ಎಂದು ನನ್ನ ಮುಖವನ್ನೂ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಕೆಂಚಮ್ಮ ಕೈ ಎತ್ತಿದರು.

“ಸೆರಿ. ಅಂಗಾರೆ ಮೊದ್ಲು ನೀ ಒಬ್ನೇ ಕಂಬಂಮೆಟ್ಟು ಏರಿ ಇಳ್ದು ಬಾ. ನಾ ಇಲ್ಲೇ ಮಲಗಿರ್ತೀನಿ. ನೀ ಬಂದ್ಮೇಲೆ ಓಗಾನ.”

 ಕೀಲಿ ನನ್ನ ಕೈಯಲ್ಲಿತ್ತು. ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಅವನು ಕೇಳಲೇ ಇಲ್ಲ. ತಾಯಿ ಮಗನ ಮುಖವನ್ನು ನೋಡುತ್ತಲೇ ಇದ್ದರು. ಅವನು ಮೂಗು ಒರೆಸಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮುದುಕಿ ಮೆಲ್ಲಗೆ ಮುಖವನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿಕೊಂಡರು.

ಬಾಡಿಗೆಯ ಆಂಬ್ಯುಲೆನ್ಸ್ ತರಿಸಿ ಅವರನ್ನು ಚಿನ್ನಮನೂರಿಗೆ ಕಳಿಸಿದೆವು. ಮಲೆಯ ಮೇಲೆ ಕಿವಿ ಚುಚ್ಚುವ ಶಾಸ್ತ್ರ ಅವರಿಲ್ಲದೆಯೇ ನಡೆಯಿತು. ಆಮೇಲೆ ಹೊಸ ಲೈನಿಂಗ್, ಸರಿಯಾದ ನಟ್‌ಗಳನ್ನು ಹಾಕಿಸಿಕೊಂಡು ಗಾಡಿ ಮತ್ತೆ ಬಂತು, ಪಾಸೂ ಆಯಿತು. ಕೆಂಚಮ್ಮ ಮಾತ್ರ ಅದರೊಳಗೆ ಮತ್ತೆ ಮಲಗಲಿಲ್ಲವಂತೆ. ಮುದುಕಿಯ ಮನಸ್ಸು ಮುರಿದವಳು ನಾನು ಎಂದು ನೆಂಟರು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದರು. ತಿರುಗಲಿ.

ಆ ದಿನದವರೆಗೆ ತಪಾಸಣೆಯಲ್ಲಿ ಕಂಡ ದೋಷವನ್ನು ನಾನು ಗಾಡಿಯ ಮಾಲೀಕನಿಗೆ ಮಾತ್ರ ಹೇಳುತ್ತಿದ್ದೆ. ನಿಯಮ ಕೇಳುವುದೂ ಅಷ್ಟನ್ನೇ. ಆಮೇಲೆ ಉಳಿದ ಸೇವಾವಧಿಯಲ್ಲಿ, ಗಾಡಿಯೊಳಗೆ ಅಜ್ಜಿಯಿರಲಿ, ಬಸುರಿಯಿರಲಿ, ಕೂಲಿಯವರಿರಲಿ, ಅವರನ್ನೂ ಕೆಳಗಿಳಿಸಿ, ಕೆಟ್ಟ ಭಾಗವನ್ನು ಅವರ ಕೈಗೆ ಕೊಟ್ಟು ಹೇಳಿದೆ. ಮಾಲೀಕರು ಹಲ್ಲು ಕಡಿದರು. ಆದರೆ ಬ್ರೇಕ್ ಹಿಡಿಯುವುದಿಲ್ಲ ಎಂಬ ಸಂಗತಿ ಪೆಡಲ್ ತುಳಿಯುವವನಿಗೆ ಹೇಗೂ ಗೊತ್ತಿರುತ್ತದೆ. ಅದು ಗೊತ್ತಾಗಬೇಕಾದದ್ದು ಅವನನ್ನು ನಂಬಿ ಹಿಂದೆ ಮಲಗಿದವರಿಗೆ.