ಅವ್ವನ ತಲೆನೋವು, ಫಕೀರವ್ವನ ಚಪ್ಪಲಿ

ಹಣೆಗೆ ಕೆಂಪು ಬಟ್ಟೆ ಬಿಗಿದು, ಎಡ ಕಣತಲೆಗೆ ಒಂದು ವೀಳ್ಯದೆಲೆ ಅಂಟಿಸಿಕೊಂಡು, ಒಂದೇ ಕಣ್ಣು ತೆರೆದು ಬರುತ್ತಿದ್ದಳು ಫಕೀರವ್ವ. ಅರೆತಲೆನೋವು. “ಬಲಗಡಿ ತಲಿ ನಂದ್ರಿ. ಎಡಗಡೀದು ನಮ್ಮವ್ವಂದು. ಸಾಯೂಮುಂದ ನನಗ ಬಿಟ್ಟು ಹೋಗ್ಯಾಳ,” ಎನ್ನುವಳು.

ನಾನು ಸವಣೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ರಕ್ತ, ಮಲ ಪರೀಕ್ಷೆ ಮಾಡುವವನು. ಉಳಿದವರು ಮಲದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರೆ, ಈಕೆ ಮೊಸರಿನ ಗಡಿಗೆಯಂತೆ ಮೇಜಿನ ನಡುವೆ ಇಡುವಳು. ನಾನು ಮುಖ ಸಿಂಡರಿಸಿದರೆ ಬಿಡುತ್ತಿರಲಿಲ್ಲ. “ನಾಚಿಕಿ ಯಾಕ ಸರ, ನೀವೇನು ಬರೇ ಗಾಳಿ ತಿಂದು ಬದುಕೀರೇನು?”

ಮೂವತ್ತು ವರ್ಷ ವೀಳ್ಯದ ಎಲೆತೋಟದಲ್ಲಿ ದುಡಿದ ಹೆಣ್ಣುಮಗಳು. ನಮ್ಮ ಕಡೆ ಎಲೆತೋಟಕ್ಕೆ ಯಾರೂ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ. ಬಳ್ಳಿ ಲಕ್ಷ್ಮಿ, ಮೈಲಿಗೆಯಾದರೆ ಒಣಗುತ್ತಾಳೆ ಎಂದು ನಂಬಿಕೆ. ಆದರೆ ಸದಾ ಹಸಿಯಾಗಿರುವ ಆ ಮಣ್ಣಿನಿಂದ ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಮೈಯೊಳಗೆ ಹೋಗುತ್ತದೆ. ಫಕೀರವ್ವನ ಡಬ್ಬಿಯಲ್ಲೂ, ಜೊತೆಗೆ ದುಡಿಯುತ್ತಿದ್ದ ಮಗಳು ರೇಣುಕಾಳ ಡಬ್ಬಿಯಲ್ಲೂ ಹುಳುವಿನ ಮೊಟ್ಟೆ ಸಿಕ್ಕವು. ರೇಣುಕಾಗಂತೂ ತುಟಿ ಬೆಳ್ಳಗಾಗುವಷ್ಟು ರಕ್ತ ಕಡಿಮೆ. ಆ ವರ್ಷವೇ ಅವಳಿಗೂ ಎಡಗಡೆ ತಲೆ ಸಿಡಿಯತೊಡಗಿತ್ತು.

ನಾನು ದೊಡ್ಡ ಪಂಡಿತನಂತೆ, “ಹುಳು ಹೋದರೆ ತಲೆನೋವೂ ಹೋಗ್ತೈತಿ” ಎಂದುಬಿಟ್ಟೆ. ಇಬ್ಬರೂ ಗುಳಿಗೆ ನುಂಗಿದರು. ಮೂರು ತಿಂಗಳಾದ ಮೇಲೆ ಫಕೀರವ್ವ ಅದೇ ಕೆಂಪು ಬಟ್ಟೆ ಬಿಗಿದುಕೊಂಡು ಬಂದಳು.

“ಹುಳಾ ಹೋದ್ವು, ಖರೆ. ನಮ್ಮವ್ವ ಹೋಗಲಿಲ್ಲ. ನಿಮ್ಮ ಮಾತು ಸುಳ್ಳಾತಲ್ಲ ಸರ?”

ನನಗೆ ಇಂದಿಗೂ ಆ ನಾಚಿಕೆ ಹೋಗಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ನನ್ನಂತೆ ಬಡಾಯಿ ಕೊಚ್ಚಲಿಲ್ಲ. ಅರೆತಲೆನೋವಿನ ಒಲವು ತಾಯಿಯಿಂದ ಮಗಳಿಗೆ ರಕ್ತದಲ್ಲೇ ಇಳಿಯಬಹುದು, ಹುಳು ಯಾರ ಮೈಯಲ್ಲಿ ಹೆಚ್ಚು ನೆಲೆಸುತ್ತದೆ ಎಂಬುದರಲ್ಲೂ ವಂಶದ ಪಾಲಿರಬಹುದು, ಎರಡರ ಬೇರೂ ಒಂದೇ ಕಡೆ ಕೂಡುತ್ತದೆಯೇ ಎಂಬುದನ್ನು ಬಲ್ಲವರು ಇನ್ನೂ ಹುಡುಕುತ್ತಿದ್ದಾರೆ ಎಂದರು. ಫಕೀರವ್ವ ಒಂದೇ ಕಣ್ಣಿನಲ್ಲಿ ಅವರನ್ನು ನೋಡುತ್ತ ಪೂರ್ತಿ ಕೇಳಿದಳು.

“ಅಂದ್ರ ರಕ್ತದಾಗಿಂದು ತಗಿಯಾಕ ಬರಂಗಿಲ್ಲ. ಕಾಲಾಗ ಏರೂದು ತಡಿಯಾಕ ಬರ್ತೈತಿ. ನನ್ನ ಮಗಳು ಎರಡೂ ಯಾಕ ಹೊರಬೇಕ್ರಿ?”

ಮರುದಿನ ಎರಡು ಜೊತೆ ರಬ್ಬರ್ ಚಪ್ಪಲಿ ಕೊಂಡು, ಅರಿಷಿಣ ಕುಂಕುಮ ಹಚ್ಚಿ, ತೋಟದ ಬೇಲಿಯ ಒಳಗೆ ನಿಂತು ಹಾಕಿಕೊಂಡಳು. ಒಂದು ಜೊತೆ ತನಗೆ, ಒಂದು ಮಗಳಿಗೆ. ಎಲೆ ಕೊಯ್ಯುವ ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ತೋಟದ ಧಣಿ ಕೂಗಾಡಿದಾಗ ಆಕೆ ಹೇಳಿದ್ದು ಇಷ್ಟೇ: “ಇವು ಬೀದಿ ಕಂಡಿಲ್ರಿ. ತ್ವಾಟದಾಗ ಹುಟ್ಟ್ಯಾವ, ತ್ವಾಟದಾಗ ಸಾಯ್ತಾವ. ಇವಕ್ಕ ಎಲ್ಲೀ ಮೈಲಿಗಿ?”

ಆ ಮಳೆಗಾಲ ಬುಡ ಕೊಳೆತು ಬಳ್ಳಿಗಳು ಒಣಗಿದವು. ಧಣಿ ನನ್ನನ್ನೂ ತೋಟಕ್ಕೆ ಕರೆಸಿದ. “ಈಕೀ ತಲಿ ಕೆಡಿಸಿದವ ನೀನ. ನೋಡು ಲಕ್ಷ್ಮಿ ಹ್ಯಾಂಗ ಹೋದ್ಲು,” ಎಂದ. ತಾಯಿ ಮಗಳಿಬ್ಬರೂ ನಾಳೆಯಿಂದ ಬರಬೇಡಿ ಎಂದ. ಫಕೀರವ್ವ ಅವನನ್ನು ತಾವಿಬ್ಬರೂ ಕಾಲಿಡದ ಹಿಂದಿನ ಸಾಲಿಗೆ ನಡೆಸಿಕೊಂಡು ಹೋದಳು. ಅಲ್ಲಿ ದುಡಿಯುವವರೆಲ್ಲ ಬರಿಗಾಲಿನವರು. ಅಲ್ಲಿನ ಬಳ್ಳಿಯೂ ಬಾಡಿ ಜೋತುಬಿದ್ದಿತ್ತು.

“ಇಲ್ಲಿ ಯಾರ ಚಪ್ಪಲಿ ತುಳೀತ್ರಿ ಧಣೀ? ಹೆಸರು ಹೇಳ್ರಿ. ನಾ ಮಗಳನ್ನ ಕರಕೊಂಡು ಈಗ ಹೊಂಟೆ.”

ಧಣಿ ಬಾಡಿದ ಬಳ್ಳಿಯ ಬುಡ ಕೆದಕಿ ನೋಡಿ, ಬೇಲಿಯಾಚೆ ನಡೆದ. ಮರುದಿನವೂ ತಾಯಿ ಮಗಳಿಬ್ಬರೂ ಚಪ್ಪಲಿಯಲ್ಲೇ ಕೆಲಸಕ್ಕೆ ಇಳಿದರು. ನನಗೆ ಅವಳ ಕಾಲಿಗೆ ಬೀಳಬೇಕೆನಿಸಿತ್ತು.

ಹೋದ ವರ್ಷ ಫಕೀರವ್ವ ಎದೆನೋವು ಬಂದು ತೀರಿಕೊಂಡಳು. ಕಳೆದ ತಿಂಗಳು ನನ್ನ ಕಿಟಕಿಯ ಮುಂದೆ ಕೆಂಪು ಬಟ್ಟೆ ಕಂಡು ಎದ್ದು ನಿಂತೆ. ರೇಣುಕಾ. ಎಡ ಕಣತಲೆಗೆ ಎಲೆ. ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ಪರೀಕ್ಷಿಸಿದೆ, ಹುಳು ಇಲ್ಲ, ರಕ್ತವೂ ತುಂಬಿಕೊಂಡಿತ್ತು.

“ಹುಳಾ ಎಲ್ಲಿಂದ ಬರಬೇಕ್ರಿ? ಅವ್ವನ ಚಪ್ಪಲಿ ಇನ್ನೂ ಹರದಿಲ್ಲ,” ಎಂದಳು.

“ತಲೆನೋವು?”

“ಬರ್ತೈತ್ರಿ. ಗುಳಗಿ ತಗೋತೇನಿ, ಎಲಿ ಕೊಯ್ತೇನಿ. ಎಡಗಡೀದು ಈಗ ನಮ್ಮವ್ವಂದ್ರಿ. ಒದರ್ಯಾಡ್ತಾಳ. ಆಕೀಗೆ ನಾ ಅಂಜಂಗಿಲ್ಲ.”